ಗುರುತಿಗೂ ಒಂದು ಅರ್ಥ

ಮಾತನಾಡುವವನಿಗೆ ದನಿಯ ನೆರವಿದೆ. ಮುಖ್ಯವಾದ ಮಾತು ಬಂದಾಗ ಅವನು ದನಿಯನ್ನು ಏರಿಸುತ್ತಾನೆ. ಒಂದು ವಿಷಯ ಮುಗಿದು ಮತ್ತೊಂದಕ್ಕೆ ತೊಡಗುವಾಗ ಕ್ಷಣಕಾಲ ತಡೆಯುತ್ತಾನೆ. ಬರೆಯುವವನಿಗೆ ಈ ಸೌಕರ್ಯವಿಲ್ಲ. ಈ ಕೊರತೆಯನ್ನು ತಲೆಬರಹ, ಪರಿಚ್ಛೇದ, ದಪ್ಪಕ್ಷರ ಮೊದಲಾದವು ಬಹುಮಟ್ಟಿಗೆ ತುಂಬುತ್ತವೆ.

ಅಚ್ಚುಮೊಳೆಗಳ ಕಾಲದಲ್ಲಿ ಸಂಪಾದಕನು ಹಸ್ತಪ್ರತಿಯ ಮೇಲೆ ಗುರುತುಗಳನ್ನು ಹಾಕಿ ಮುದ್ರಣಾಲಯಕ್ಕೆ ಕಳುಹಿಸುತ್ತಿದ್ದನು. ಇಂಗ್ಲಿಷ್ ಮುದ್ರಣದಲ್ಲಿ ಪದದ ಕೆಳಗೆ ನೇರವಾದ ಗೆರೆಯಿದ್ದರೆ ಓರೆ ಅಕ್ಷರ, ಅಲೆಯಂತಹ ಗೆರೆಯಿದ್ದರೆ ದಪ್ಪಕ್ಷರ ಎಂದು ಮೊಳೆ ಜೋಡಿಸುವವನು ತಿಳಿಯುತ್ತಿದ್ದನು. ಗಣಕಯಂತ್ರವು ಬಂದ ಮೇಲೆ ಇಂತಹ ಗುರುತುಗಳು ಕೀಲಿಮಣೆಗೆ ಇಳಿದವು. 2004ರಲ್ಲಿ ಅಮೆರಿಕದ ಜಾನ್ ಗ್ರೂಬರ್ ಎಂಬವರು ‘ಮಾರ್ಕ್‌ಡೌನ್’ ಎಂಬ ಸರಳ ಪದ್ಧತಿಯನ್ನು ಪ್ರಕಟಿಸಿದರು. ಅದರ ರಚನೆಯಲ್ಲಿ ಆರನ್ ಸ್ವಾರ್ಟ್ಸ್ ಎಂಬ ತರುಣನು ನೆರವಾದನು. ಇದರಲ್ಲಿ ಪದದ ಎರಡು ಬದಿಗೂ ಒಂದೊಂದು ನಕ್ಷತ್ರ ಚಿಹ್ನೆಯನ್ನಿಟ್ಟರೆ ಅದು ಸಾಮಾನ್ಯವಾಗಿ ಓರೆ ಅಕ್ಷರವಾಗುತ್ತದೆ. ಎರಡೆರಡನ್ನು ಇಟ್ಟರೆ ದಪ್ಪಕ್ಷರವಾಗುತ್ತದೆ. ಸಾಲಿನ ಮೊದಲಿಗೆ # ಚಿಹ್ನೆಯಿದ್ದರೆ ಅದು ತಲೆಬರಹ. ನಡುವೆ ಒಂದು ಸಾಲನ್ನು ಬರಿದಾಗಿ ಬಿಟ್ಟರೆ ಹೊಸ ಪರಿಚ್ಛೇದ. ಯಂತ್ರವು ಈ ಗುರುತುಗಳನ್ನು ಅಕ್ಷರರೂಪಕ್ಕೆ ತಿರುಗಿಸದೆ ಹೋದರೂ ಬರಹವನ್ನು ತೊಡಕಿಲ್ಲದೆ ಓದಬಹುದೆಂಬುದೇ ಇದರ ಹಿರಿಮೆ.

ಆದರೆ ಸುಲಭವಾಗಿ ದೊರೆತುದು ಸುಲಭವಾಗಿ ದುಂದಾಗುತ್ತದೆ. ಶಾಲೆಯ ಪ್ರವಾಸದ ಸೂಚನೆಯೊಂದರಲ್ಲಿ ಹೊರಡುವ ವೇಳೆ, ಊಟದ ವಿವರ, ಶುಭಾಶಯ ಎಲ್ಲವೂ ದಪ್ಪಕ್ಷರದಲ್ಲಿವೆಯೆಂದು ಭಾವಿಸೋಣ. ‘ನಿತ್ಯ ಔಷಧ ಸೇವಿಸುವವರು ಅದನ್ನು ತಪ್ಪದೆ ತರಬೇಕು’ ಎಂಬ ಮಾತು ಆ ಗುಂಪಿನಲ್ಲಿ ಕಳೆದುಹೋಗುತ್ತದೆ. ಎಲ್ಲರೂ ಕೂಗುವ ಸಂತೆಯಲ್ಲಿ ಯಾರ ಕೂಗೂ ಕೇಳಿಸದು.

ಗುರುತುಗಳೆಲ್ಲ ಬರಿಯ ಅಲಂಕಾರ, ಒಳ್ಳೆಯ ಬರಹಕ್ಕೆ ಅವು ಬೇಡವೆಂದು ಹೇಳುವವರೂ ಇದ್ದಾರೆ. ಈ ಮಾತಿನಲ್ಲಿ ಸತ್ಯಾಂಶವಿಲ್ಲದಿಲ್ಲ. ಕನ್ನಡವಂತೂ ಒತ್ತನ್ನು ಪದದೊಳಗೇ ಇರಿಸಬಲ್ಲದು. ‘ಅವನು ನಾಳೆ ಬರುವನು’ ಎಂಬುದನ್ನು ‘ಅವನೇ ನಾಳೆ ಬರುವನು’ ಎಂದರೂ ‘ಅವನು ನಾಳೆಯೇ ಬರುವನು’ ಎಂದರೂ ಒತ್ತು ಎಲ್ಲಿದೆಯೆಂಬುದು ಸ್ಪಷ್ಟ. ಅವಧಾರಣೆಯ ಒಂದು ‘ಏ’ಕಾರವು ಮಾಡುವ ಕೆಲಸಕ್ಕೆ ನಾಲ್ಕು ನಕ್ಷತ್ರಗಳು ಬೇಕಿಲ್ಲ.

ಆದರೂ ಗುರುತುಗಳನ್ನು ಸಂಪೂರ್ಣವಾಗಿ ತೊರೆಯುವುದು ಸಲ್ಲದು. ಕಣ್ಣು ಕಾಣದ ಓದುಗರು ಗಣಕಯಂತ್ರವು ಗಟ್ಟಿಯಾಗಿ ಓದುವುದನ್ನು ಕೇಳಿ ತಿಳಿಯುತ್ತಾರೆ. ತಲೆಬರಹಕ್ಕೆ ತಲೆಬರಹದ ಗುರುತೇ ಇದ್ದರೆ ಅವರು ಒಂದರಿಂದ ಮತ್ತೊಂದಕ್ಕೆ ನೇರವಾಗಿ ಹೋಗಬಲ್ಲರು. ಅದನ್ನು ದಪ್ಪಕ್ಷರದಲ್ಲಿ ಮಾತ್ರ ಬರೆದಿದ್ದರೆ, ನೋಡುವವರಿಗೆ ತಲೆಬರಹದಂತೆ ತೋರಿದರೂ ಯಂತ್ರಕ್ಕೆ ಅದು ಸಾಮಾನ್ಯ ಸಾಲು. ಆಗ ಆ ಓದುಗರು ಬೇಕಾದ ಭಾಗಕ್ಕಾಗಿ ಇಡೀ ಬರಹವನ್ನು ಕೇಳುತ್ತ ಕುಳಿತಿರಬೇಕಾಗುತ್ತದೆ. ಬರೆದವನ ಅಲಕ್ಷ್ಯಕ್ಕೆ ಓದುಗರು ದಂಡ ತೆರುವುದು ನ್ಯಾಯವಲ್ಲ.

ಆದುದರಿಂದ ಗುರುತು ಹಾಕುವ ಮೊದಲು ಅದು ಓದುಗನಿಗೆ ಯಾವ ದಾರಿಯನ್ನು ತೋರಿಸುತ್ತದೆಂದು ಯೋಚಿಸಬೇಕು. ದಾರಿ ತೋರಿಸುವುದಾದರೆ ಹಾಕಬೇಕು, ಇಲ್ಲವಾದರೆ ಬಿಡಬೇಕು. ಈ ಸಂಯಮವೇ ಓದುಗನಿಗೆ ಬರಹಗಾರನು ಸಲ್ಲಿಸುವ ಗೌರವ.