ಒಂದೇ ದಿನಕ್ಕೆ ಮಾವಿನ ಮರ ಬೋಳಿಸಬೇಡಿ

ಸಾಸ್ವೆಹಳ್ಳಿ ಹೋಬಳಿಯಲ್ಲಿ ನನ್ನದು ಮಳೆ ನಂಬಿದ ಹೊಲ. ಮೆಕ್ಕೆಜೋಳ ಹಾಕುತ್ತೇನೆ. ಕಲ್ಲುಭೂಮಿಯ ಒಂದು ತುಂಡಿನಲ್ಲಿ ಬಾದಾಮಿ ಮಾವಿನ ಮರ 30 ಇವೆ. ಸುತ್ತಲಿನವರು ಬೋರು ಕೊರೆಸಿ ಅಡಿಕೆ ಹಾಕಿದರು, ನನಗೆ ಆ ಧೈರ್ಯ ಬರಲಿಲ್ಲ. ಹಾಗಾಗಿ ಬೇಸಿಗೆಯಲ್ಲಿ ನಾಲ್ಕು ಕಾಸು ಕಾಣುವುದು ಈ ಮರಗಳಿಂದಲೇ.

ಬಹಳ ವರ್ಷ ಹೂವಿನಲ್ಲೇ ಚೇಣಿ ಕೊಡ್ತಿದ್ದೆ. ಚೇಣಿಯವರು ಏಪ್ರಿಲ್‌ನಲ್ಲೇ ಬಂದು, ಒಂದೇ ದಿನಕ್ಕೆ ಅಷ್ಟೂ ಮರ ಬೋಳಿಸಿ ಹೋಗೋರು. ಮೊದಲು ಪೇಟೆ ಸೇರಿದ ಕಾಯಿಗೆ ರೇಟು ಜಾಸ್ತಿ, ಅದು ಅವರ ಲೆಕ್ಕ. ಅವರನ್ನೇ ಬೈಯುವ ಹಾಗಿಲ್ಲ. 2019ರಲ್ಲಿ ನಾನೇ ಕಿತ್ತು ಮಾರೋಣ ಅಂತ ಹೊರಟು, ಅದೇ ತಪ್ಪು ಮಾಡಿದೆ. ಹುಲ್ಲಿನಲ್ಲಿ ಅಡೆ ಹಾಕಿ ಎಂಟು ದಿನ ಬಿಟ್ಟು ತೆಗೆದರೆ ಅರ್ಧಕ್ಕರ್ಧ ಸಿಪ್ಪೆ ಸುಕ್ಕಿತ್ತು. ಕೊಯ್ದರೆ ಒಳಗೆಲ್ಲ ಬಿಳಿಚು, ಹುಳಿ. ದಾವಣಗೆರೆಯಲ್ಲಿ ಪರಿಚಯದ ಮನೆಗಳಿಗೆ ಕೊಟ್ಟಿದ್ದ ಮೂರು ಬುಟ್ಟಿ ವಾಪಸು ಬಂತು. "ನಿಮ್ಮ ಮುಖ ನೋಡಿ ತಗೊಂಡಿದ್ವಿ" ಅಂದರು. ದುಡ್ಡು ಹೋದದ್ದಕ್ಕಿಂತ ಈ ಮಾತು ಚುಚ್ಚಿತು.

ಕಾಯಿ ಮರದಲ್ಲಿದ್ದಾಗ ಹಿಟ್ಟು ತುಂಬಿಕೊಳ್ಳುತ್ತದೆ. ಹಣ್ಣಾಗುವಾಗ ಆ ಹಿಟ್ಟೇ ಸಕ್ಕರೆಯಾಗೋದು. ಕಿತ್ತ ಮೇಲೆ ಮರ ಏನೂ ಕೊಡೋದಿಲ್ಲ. ಹಿಟ್ಟೇ ತುಂಬದ ಕಾಯಿಗೆ ಯಾವ ಅಡೆ ಹಾಕಿದರೇನು? ಕಾರ್ಬೈಡ್ ಇಟ್ಟರೆ ಸಿಪ್ಪೆ ಹಳದಿಯಾದೀತು, ಸಿಹಿ ಎಲ್ಲಿಂದ ಬರಬೇಕು? ಅದನ್ನು ಬಳಸುವುದು ಕಾನೂನಿಗೂ ವಿರುದ್ಧ.

ಮಾವು ಒಂದೇ ಸಲ ಹೂ ಬಿಡೋದಿಲ್ಲ. ಎರಡು ಮೂರು ಸಲ ಬಿಡುತ್ತದೆ. ಒಂದೇ ಕೊಂಬೆಯಲ್ಲಿ ಬಲಿತದ್ದೂ ಇರುತ್ತದೆ, ಎಳೆಯದೂ ಇರುತ್ತದೆ. ಈಗ ನಾನು ವಾರ, ಹತ್ತು ದಿನ ಬಿಟ್ಟು ಮೂರು ಸಲ ಕೀಳುತ್ತೇನೆ. ಮರದಲ್ಲೇ ಹಣ್ಣಾಗಿ ಒಂದೆರಡು ಬಿದ್ದವೆಂದರೆ ಶುರು. ತೊಟ್ಟಿನ ಅಕ್ಕಪಕ್ಕ ಹೆಗಲು ಎದ್ದು, ತೊಟ್ಟು ಕುಳಿಯೊಳಗೆ ಕೂತಂತಿರಬೇಕು. ಅನುಮಾನ ಬಂದರೆ ನಾಲ್ಕು ಕಾಯಿ ಕಿತ್ತು ಬಕೆಟ್ ನೀರಿಗೆ ಹಾಕಿ. ಮುಳುಗಿದರೆ ಬಲಿತಿದೆ, ತೇಲಿದರೆ ಇನ್ನೂ ಕಾಯಬೇಕು. ಹಿಡಿಯಷ್ಟೂ ಖರ್ಚಿಲ್ಲ. ತೊಟ್ಟು ಒಂದಿಷ್ಟು ಬಿಟ್ಟೇ ಕೀಳಿ, ಸೊನೆ ತಾಗಿದ ಕಡೆ ಸಿಪ್ಪೆ ಸುಟ್ಟು ಕಪ್ಪಾಗುತ್ತದೆ.

ಹಾಗಂತ ಪೂರ್ತಿ ಹಣ್ಣಾಗಲಿ ಅಂತ ಬಿಟ್ಟರೂ ಬಾದಾಮಿ ಕೈ ಕೊಡುತ್ತದೆ. ಹೊರಗೆ ಚಿನ್ನದಂತಿದ್ದು, ಕೊಯ್ದರೆ ಗೊರಟೆ ಸುತ್ತ ಹತ್ತಿಯಂಥ ತಿರುಳು, ಕೆಟ್ಟ ವಾಸನೆ. ಒಳಗಿನ ಬೀಜ ಮೊಳೆಯಲು ಹೊರಡುವುದರಿಂದ ಹೀಗಾಗುತ್ತದೆ ಅಂತ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಕಂಡುಕೊಂಡಿದ್ದಾರೆ. ಆದ್ದರಿಂದ ಬಲಿತ ಮೇಲೆ ತಡ ಮಾಡಬಾರದು. ರಸಪುರಿಯಲ್ಲಿ ಈ ಕಾಟ ನಾನು ಕಂಡಿಲ್ಲ.

ಮೂರು ಸಲ ಕೀಳಲು ಆಳು ಬೇಕು, ಅದೇ ಕಷ್ಟ. ನನ್ನ ಮನೆಯವಳು, ಮಗ, ನಾನು ಸೇರಿ ಮಾಡ್ತೀವಿ. ಚೇಣಿ ಕೊಡಲೇಬೇಕಾದವರು ಕಾಯಿ ಕೀಳುವ ದಿನ ನಾವೇ ಹೇಳ್ತೀವಿ ಅಂತ ಮಾತಿನಲ್ಲಿ ಸೇರಿಸಿಕೊಳ್ಳಿ. ನಾನು ಅದನ್ನು ಕೇಳಿದ ವರ್ಷ ಚೇಣಿಯವರು ರೇಟು ಇಳಿಸಿದರು, ಆಗಲೇ ನಾನು ಚೇಣಿ ಬಿಟ್ಟದ್ದು. ಬುಟ್ಟಿ ವಾಪಸು ಕಳಿಸಿದ ದಾವಣಗೆರೆಯ ಮನೆಗಳಲ್ಲಿ ಎರಡು ಮತ್ತೆ ಹಣ್ಣು ತರಿಸಿಕೊಳ್ಳುತ್ತಿವೆ. ಮೂರನೆಯವರು ಇನ್ನೂ ನಂಬಿಲ್ಲ.