ಮೊಟ್ಟೆ ಯಾರದ್ದು, ತಪ್ಪು ಯಾರದ್ದು?

ನಮ್ಮಜ್ಜಿಗೆ ಯಾವ ಹೇಂಟೆ ಯಾವ ಮೊಟ್ಟೆ ಇಟ್ಟಿದ್ದು ಅಂತ ನೋಡಿದ ಕೂಡಲೇ ಗೊತ್ತಾಗ್ತಿತ್ತು. ಚೆನ್ನಾಗಿ ಇಡೋ ಹೇಂಟೆಯ ಮೊಟ್ಟೆಯನ್ನೇ ಕಾವಿಗೆ ಎತ್ತಿಡೋಳು. ಇಡದೇ ಇದ್ದದ್ದು ಸಾರಿಗೆ! ತಳಿ ಸುಧಾರಣೆ ಅನ್ನೋ ಪದ ಅವಳಿಗೆ ಗೊತ್ತಿರಲಿಲ್ಲ, ಮಾಡ್ತಿದ್ದದ್ದು ಮಾತ್ರ ಅದನ್ನೇ.

ಹೋದ ತಿಂಗಳು ಆಸ್ಪತ್ರೆಯಲ್ಲಿ ಸರದಿಗೆ ಕಾಯ್ತಾ ಫೋನಿನಲ್ಲಿ ಉಷ್ಟ್ರಪಕ್ಷಿಗಳ ಬಗ್ಗೆ ಓದ್ತಿದ್ದೆ. ದಕ್ಷಿಣ ಆಫ್ರಿಕಾದ ಔಟ್ಸ್‌ಹೋರ್ನ್ ಸುತ್ತಮುತ್ತ 19ನೇ ಶತಮಾನದಿಂದಲೇ ಅವುಗಳನ್ನು ಸಾಕ್ತಾರೆ. ಆಗ ಯೂರೋಪಿನ ಹೆಂಗಸರ ಟೋಪಿಗೆ ಗರಿ ಬೇಕಿತ್ತು. ಹಾಗಾಗಿ ಗರಿ ನೋಡಿಯೇ ಹಕ್ಕಿ ಆರಿಸಿದರು. 1914ರಲ್ಲಿ ಗರಿಯ ಮಾರುಕಟ್ಟೆ ಕುಸಿಯಿತು. ಆಮೇಲೆ ಚರ್ಮ, ಮಾಂಸಕ್ಕೆ ಬೇಡಿಕೆ ಬಂತು. ಅದಕ್ಕೆ ಬೇಕಾದದ್ದು ಹೆಚ್ಚು ಮರಿ.

ಆದರೆ ಗುಂಪಿನಲ್ಲಿ ಬಿಟ್ಟರೆ ಹಲವು ಹೆಣ್ಣುಗಳು ಒಂದೇ ಗೂಡಿನಲ್ಲಿ ಮೊಟ್ಟೆ ಇಡುತ್ತವೆ. ಸುಮಾರು ಒಂದೂವರೆ ಕಿಲೋ ತೂಕದ ಮೊಟ್ಟೆ, 42 ದಿನದ ಕಾವು. ಮರಿ ಹೊರಬಂದರೂ ಅಮ್ಮ ಯಾರು, ಅಪ್ಪ ಯಾರು ಗೊತ್ತಿಲ್ಲ. ಗೊತ್ತಿಲ್ಲದ ಮೇಲೆ ಆರಿಸೋದು ಹೇಗೆ?

ಅಲ್ಲಿನ ಸಂಶೋಧನಾ ಫಾರ್ಮ್‌ನವರು ಒಂದೊಂದು ಬೇಲಿಯೊಳಗೆ ಒಂದು ಗಂಡು, ಒಂದು ಹೆಣ್ಣು ಬಿಟ್ಟು ವರ್ಷಗಟ್ಟಲೆ ಲೆಕ್ಕ ಬರೆದಿಟ್ಟರು. ಒಂದೇ ಮೇವು, ಒಂದೇ ಬಿಸಿಲು. ಆದರೂ ಒಂದು ಹೆಣ್ಣು ಬೆರಳೆಣಿಕೆಯಷ್ಟು ಮೊಟ್ಟೆ ಇಟ್ಟರೆ ಇನ್ನೊಂದು ಅದರ ಎಷ್ಟೋ ಪಟ್ಟು ಇಡುತ್ತಿತ್ತು. ಈ ಗುಣ ಸ್ವಲ್ಪಮಟ್ಟಿಗೆ ಮಗಳಿಗೂ ಇಳಿದು ಬರುತ್ತದೆ. ಮೊದಲ ಋತುಗಳ ಲೆಕ್ಕ ನೋಡಿಯೇ ಮುಂದಿನದ್ದನ್ನು ತಕ್ಕಮಟ್ಟಿಗೆ ಊಹಿಸಬಹುದು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಇದಲ್ಲ. ಮೊಟ್ಟೆಯನ್ನು ಬೆಳಕಿಗೆ ಹಿಡಿದಾಗ ಒಳಗೆ ಜೀವ ಬೆಳೆಯುತ್ತಿಲ್ಲ ಅಂತ ಕಾಣಬಹುದು, ಕಾರಣ ಯಾರು ಅಂತ ಕಾಣೋದಿಲ್ಲ. ಹೆಣ್ಣಿರಬಹುದು, ಗಂಡಿರಬಹುದು. ಅದೇ ಜೋಡಿಯನ್ನು ಎಷ್ಟು ವರ್ಷ ಇಟ್ಟರೂ ತಿಳಿಯದು. ಜೋಡಿ ಬದಲಿಸಿ ನೋಡಿದರೆ ಮಾತ್ರ ಸುಳಿವು ಸಿಗುತ್ತದೆ.

ನಾನು ತಲೆಯೆತ್ತಿ ನೋಡಿದೆ. ಕಾಯ್ತಿದ್ದವರಲ್ಲಿ ಹೆಚ್ಚಿನವರು ಹೆಂಗಸರೇ. ನಮ್ಮ ಮದುವೆಯಾಗಿ ನಾಲ್ಕು ವರ್ಷ. ಊರಿಗೆ ಹೋದಾಗೆಲ್ಲ "ಏನಮ್ಮಾ, ವಿಶೇಷ ಏನೂ ಇಲ್ವಾ?" ಅನ್ನೋ ಪ್ರಶ್ನೆ ನನಗೇ. ಇವರನ್ನು ಯಾರೂ ಕೇಳಿಲ್ಲ. ಮೂರು ಸಲ ಟೆಸ್ಟ್ ಆಗಿದ್ದೂ ನನಗೊಬ್ಬಳಿಗೇ.

ರಾತ್ರಿ ಊಟಕ್ಕೆ ಕೂತಾಗ ಉಷ್ಟ್ರಪಕ್ಷಿ ಕಥೆ ಹೇಳಿದೆ. ಜೋಡಿ ಬದಲಿಸೋ ಉಪಾಯ ನಮಗೆ ಬೇಡ, ಇಬ್ಬರೂ ಟೆಸ್ಟ್ ಮಾಡಿಸಿದರೆ ಸಾಕು ಅಂದೆ. ಇವರು ನಕ್ಕರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಶನಿವಾರ ರಜೆ ಇದೆ, ನಾನೂ ಬರ್ತೀನಿ" ಅಂದರು.

ರಿಪೋರ್ಟ್ ಇನ್ನೂ ಬಂದಿಲ್ಲ. ಏನೇ ಬರಲಿ, ಈ ಸಲ ಕವರ್ ತೆರೆಯುವಾಗ ನಾನೊಬ್ಬಳೇ ಇರೋದಿಲ್ಲ.