ಬಹುಮಾನದ ಘೋಷಣೆ ಮತ್ತು ಪಾವತಿಯ ಹೊಣೆ

ಸರ್ಕಾರಿ ಟೆಂಡರಿನಲ್ಲಿ ಭಾಗವಹಿಸುವ ಸಣ್ಣ ಗುತ್ತಿಗೆದಾರನೂ ಮೊದಲು ಇ.ಎಂ.ಡಿ. ಠೇವಣಿ ಇಡುತ್ತಾನೆ, ಕೆಲಸ ದೊರೆತರೆ ಬ್ಯಾಂಕ್ ಗ್ಯಾರಂಟಿ ಒದಗಿಸುತ್ತಾನೆ. ಲಕ್ಷಾಂತರ ಡಾಲರ್ ಬಹುಮಾನ ಘೋಷಿಸುವ ಕ್ರೀಡಾ ಸಂಘಟಕನಿಂದ ಅಂತಹ ಭದ್ರತೆಯನ್ನು ನಾವೇಕೆ ಕೇಳುವುದಿಲ್ಲ? ವೃತ್ತಿಪರ ಪೂಲ್ ಆಟದ ಅನುಭವ ಈ ಪ್ರಶ್ನೆಯನ್ನು ಅನಿವಾರ್ಯಗೊಳಿಸಿದೆ.

ಅಮೆರಿಕದಲ್ಲಿ ದೂರದರ್ಶನ ಜಾಹೀರಾತುಗಳ ಮೂಲಕ ಸರಕು ಮಾರಿ ಹೆಸರಾದ ಕೆವಿನ್ ಟ್ರುಡೊ ಅವರು ಸ್ಥಾಪಿಸಿದ ಇಂಟರ್‌ನ್ಯಾಷನಲ್ ಪೂಲ್ ಟೂರ್, 2006ರಲ್ಲಿ ರೀನೊ ನಗರದಲ್ಲಿ 30 ಲಕ್ಷ ಡಾಲರ್ ಮೊತ್ತದ ಪಂದ್ಯಾವಳಿ ನಡೆಸಿತು. ಫಿಲಿಪ್ಪೀನ್ಸಿನ ಎಫ್ರೆನ್ ರೇಯಸ್ ಗೆದ್ದರು. ಪ್ರಥಮ ಬಹುಮಾನ 5 ಲಕ್ಷ ಡಾಲರ್. ಆದರೆ ಆಟ ಮುಗಿದಾಗ ಕೊಡಲು ಹಣವಿರಲಿಲ್ಲ. ಆಟಗಾರರು ಕಂತುಗಳಿಗಾಗಿ ಕಾಯಬೇಕಾಯಿತು. ಸರಕು ಪಡೆದು ಹುಂಡಿಯನ್ನು ಮನ್ನಿಸದವನನ್ನು ಮಾರುಕಟ್ಟೆ ಏನೆನ್ನುತ್ತದೆಯೋ ಅದೇ ಮಾತು ಇಲ್ಲಿಗೂ ಅನ್ವಯಿಸುತ್ತದೆ.

ಸಾಮಾನ್ಯ ಪಂದ್ಯಾವಳಿಗಳ ಲೆಕ್ಕವನ್ನೂ ಪರಿಶೀಲಿಸಬೇಕು. ಉದಾಹರಣೆಗೆ, 128 ಆಟಗಾರರು ತಲಾ 500 ಡಾಲರ್ ಪ್ರವೇಶ ಶುಲ್ಕ ತೆತ್ತರೆ 64,000 ಡಾಲರ್ ಕೂಡುತ್ತದೆ. ಸಂಘಟಕರು 36,000 ಸೇರಿಸಿ ‘ಒಂದು ಲಕ್ಷ ಡಾಲರ್ ಬಹುಮಾನ’ ಎಂದು ಸಾರಬಹುದು. ಆದರೆ ಈ ವೃತ್ತಿಗೆ ಹೊರಗಿನಿಂದ ಬಂದ ಆದಾಯ 36,000 ಮಾತ್ರ; ಉಳಿದುದು ಸೋತವರ ಜೇಬಿನಿಂದ ಗೆದ್ದವರ ಜೇಬಿಗೆ ಸರಿದ ಹಣ. ಪ್ರಯಾಣ, ವಸತಿಯ ವೆಚ್ಚ ಬೇರೆ. ಈ ಕಾರಣದಿಂದಲೇ ಅನೇಕ ಆಟಗಾರರು ಹಣ ಹೂಡುವ ಬೆಂಬಲಿಗನನ್ನು ಆಶ್ರಯಿಸಿ, ಗೆಲುವಿನಲ್ಲಿ ಪಾಲು ಬಿಟ್ಟುಕೊಡುತ್ತಾರೆ. ಆಟಗಾರರನ್ನು ಹರಾಜು ಹಾಕಿ ನಿಧಿ ಕೂಡಿಸುವ ಪದ್ಧತಿಯೂ ಉಂಟು. ಅದಕ್ಕೆ ‘ಕಲ್ಕತ್ತಾ’ ಎಂದೇ ಹೆಸರು.

ಇನ್ನೊಂದು ಮಾರ್ಗ ಪ್ರಾಯೋಜಕರು, ಪ್ರಸಾರ ಹಕ್ಕು ಮತ್ತು ಆತಿಥೇಯ ನಗರದ ನೆರವು. ಮ್ಯಾಚ್‌ರೂಮ್ ಸಂಸ್ಥೆಯು 2024ರಲ್ಲಿ ಸೌದಿ ಅರೇಬಿಯಾದ ಜೆಡ್ಡಾದಲ್ಲಿ ನಡೆಸಿದ ವಿಶ್ವ ಚಾಂಪಿಯನ್‌ಷಿಪ್ಪಿನ ಬಹುಮಾನ ನಿಧಿ 10 ಲಕ್ಷ ಡಾಲರ್. ಇದು ಸ್ವಾಗತಾರ್ಹವೇ. ಆದರೂ ಒಂದೇ ಬಾವಿಯ ನೀರನ್ನು ನಂಬುವುದು ವಿವೇಕವಲ್ಲ. ಸ್ನೂಕರ್ ವಿಶ್ವ ಚಾಂಪಿಯನ್‌ಷಿಪ್ಪಿಗೆ 1976ರಿಂದ ದೊರೆಯುತ್ತಿದ್ದ ಎಂಬಸಿ ಸಿಗರೇಟಿನ ಪ್ರಾಯೋಜನೆ, ತಂಬಾಕು ಜಾಹೀರಾತಿನ ಮೇಲಿನ ನಿಷೇಧದಿಂದಾಗಿ 2005ಕ್ಕೆ ಕೊನೆಗೊಂಡಿತು.

ಮುಂಗಡ ಭದ್ರತೆ ಕಡ್ಡಾಯವಾದರೆ ಸಣ್ಣ ಪಂದ್ಯಾವಳಿಗಳು ನಿಂತುಹೋಗುತ್ತವೆ ಎಂಬ ಆಕ್ಷೇಪವಿದೆ. ಅದು ಪೂರ್ಣ ಸತ್ಯವಲ್ಲ. ಸಣ್ಣ ಸಂಘಟಕನು ತಾನು ಸೇರಿಸುವ ಮೊತ್ತಕ್ಕಷ್ಟೇ ಹೊಣೆಯಾಗಲಿ. ಸಂಗ್ರಹವಾದ ಶುಲ್ಕದಲ್ಲಿ ಶೇಕಡಾ ಎಷ್ಟು ಯಾರಿಗೆಂದು ತಿಳಿಸಲಿ. ಹಾಸಿಗೆ ಇದ್ದಷ್ಟು ಕಾಲು ಚಾಚುವುದು ಅವಮಾನವೇನಲ್ಲ.

ಬಿಲಿಯರ್ಡ್ಸ್ ಮತ್ತು ಸ್ನೂಕರಿನಲ್ಲಿ 25ಕ್ಕೂ ಹೆಚ್ಚು ವಿಶ್ವ ಪ್ರಶಸ್ತಿ ಗೆದ್ದ ಪಂಕಜ್ ಅಡ್ವಾಣಿ ಅವರು ಬೆಳೆದ ಬೆಂಗಳೂರಿನ ಉದ್ಯಮಿಗಳಿಗೂ ಈ ವಿಷಯ ಹೊರತಲ್ಲ. ಕ್ರೀಡೆಗೆ ನೆರವು ನೀಡುವ ಸದಸ್ಯರು ಮೂರು ಷರತ್ತುಗಳನ್ನು ವಿಧಿಸಬೇಕೆಂದು ನಮ್ಮ ಅಭಿಪ್ರಾಯ: ಸಂಘಟಕರ ಪಾಲಿನ ಮೊತ್ತ ಪಂದ್ಯಕ್ಕೆ ಮುನ್ನವೇ ಪ್ರತ್ಯೇಕ ಬ್ಯಾಂಕ್ ಖಾತೆಯಲ್ಲಿರಬೇಕು, ಪ್ರವೇಶ ಶುಲ್ಕವನ್ನೂ ಸೇರಿಸಿದ ಹಣವನ್ನೂ ಪ್ರಕಟಣೆಯಲ್ಲಿ ಬೇರೆ ಬೇರೆಯಾಗಿ ತೋರಿಸಬೇಕು, ಪಾವತಿಯ ದಿನಾಂಕ ಲಿಖಿತವಾಗಿರಬೇಕು. ಪ್ರಾಯೋಜಕನ ಹೆಸರು ಫಲಕದ ಮೇಲಿದ್ದ ಮೇಲೆ, ಬಾಕಿ ಉಳಿದ ಬಹುಮಾನದ ಅಪಕೀರ್ತಿಯಲ್ಲೂ ಅವನಿಗೆ ಪಾಲಿದ್ದೇ ಇರುತ್ತದೆ.